ಗೋಟುವಾದ್ಯವೂ ಹವಾಯಿಯನ್ ಗಿಟಾರೂ: ಒಂದು ವಿಮರ್ಶೆ

ನಮ್ಮ ಸರಸ್ವತೀವೀಣೆಯ ದಂಡಿಯ ಮೇಲೆ ಮೇಣದಲ್ಲಿ ಕೂರಿಸಿದ 24 ಮೆಟ್ಟಲುಗಳು ಸ್ವರಸ್ಥಾನಗಳನ್ನು ಬೆರಳಿಗೆ ತೋರಿಸಿಕೊಡುತ್ತವೆ. ಗೋಟುವಾದ್ಯಕ್ಕೆ ಈ ಆಸರೆಯಿಲ್ಲ. ಕೊಡ, ದಂಡಿ, ಬಿರಡೆ, ಕುದುರೆ ಎಲ್ಲವೂ ವೀಣೆಯಂತೆಯೇ ಇದ್ದರೂ ಮೆಟ್ಟಲು ಮಾತ್ರ ಒಂದೂ ಇಲ್ಲ. ವಾದಕನು ಎಡಗೈಯಲ್ಲಿ ನುಣುಪಾದ ಕೋಲೊಂದನ್ನು ಹಿಡಿದು ತಂತಿಯ ಮೇಲೆ ಜಾರಿಸುತ್ತ, ಕಿವಿಯೊಂದನ್ನೇ ಪ್ರಮಾಣವಾಗಿಟ್ಟುಕೊಂಡು ಸ್ವರವನ್ನು ಕಂಡುಕೊಳ್ಳತಕ್ಕದ್ದು. ಕೂದಲೆಳೆಯಷ್ಟು ತಪ್ಪಿದರೂ ಅಪಸ್ವರವೇ. ಆದರೆ ಈ ಕಷ್ಟದಲ್ಲಿಯೇ ಅದರ ಸೊಗಸೂ ಇದೆ. ಮನುಷ್ಯಕಂಠದ ಗಮಕಗಳನ್ನು ಅಷ್ಟು ಸಮೀಪದಿಂದ ಅನುಸರಿಸಬಲ್ಲ ವಾದ್ಯಗಳು ವಿರಳ.

ಸಾಗರದಾಚೆ ಹವಾಯಿ ದ್ವೀಪಗಳಲ್ಲಿ ಹುಟ್ಟಿದ ಗಿಟಾರಿನ ಕ್ರಮವೂ ಇಂಥದೇ. ಅದನ್ನು ತೊಡೆಯ ಮೇಲೆ ಅಡ್ಡಲಾಗಿ ಮಲಗಿಸಿ, ಉಕ್ಕಿನ ತುಂಡನ್ನು ತಂತಿಗಳ ಮೇಲೆ ಜಾರಿಸಿ ನುಡಿಸುತ್ತಾರೆ. ಸ್ಟೀಲ್ ಗಿಟಾರ್ ಎಂಬ ಹೆಸರಿನ ‘ಸ್ಟೀಲು’ ವಾದ್ಯದ ಒಡಲಿಗೆ ಸಂಬಂಧಿಸಿದುದಲ್ಲ, ಈ ಕೈತುಂಡಿಗೆ ಸಂಬಂಧಿಸಿದುದು. ಎರಡು ವಾದ್ಯಗಳಿಗೂ ಇರುವ ಈ ಸಾಮ್ಯದಿಂದ ನಮ್ಮಲ್ಲಿ ಎರಡು ಮಾತುಗಳು ರೂಢಿಗೆ ಬಂದಿವೆ. ಅಭಿಮಾನದಿಂದ ಹುಟ್ಟಿದ ಮಾತು ಚರಿತ್ರೆಯ ಸ್ಥಾನದಲ್ಲಿ ಕುಳಿತುಬಿಟ್ಟರೆ ನಿಜವಾದ ಚರಿತ್ರೆಗೆ ಎಡೆ ದೊರೆಯದಾದುದರಿಂದ ಅವುಗಳನ್ನು ಪರೀಕ್ಷಿಸುವುದು ಅಗತ್ಯ.

ಮೊದಲನೆಯ ಪಕ್ಷ ಹೀಗಿದೆ: ಗೋಟುವಾದ್ಯವೇ ಭರತಮುನಿಯ ಚಿತ್ರಾವೀಣೆ, ಆದುದರಿಂದ ಈ ವಾದನಕ್ರಮ ಸುಮಾರು ಎರಡು ಸಾವಿರ ವರ್ಷಗಳಿಂದ ಅವಿಚ್ಛಿನ್ನವಾಗಿ ಬಂದುದು. ನಾಟ್ಯಶಾಸ್ತ್ರದಲ್ಲಿ ಏಳು ತಂತಿಗಳ ಚಿತ್ರೆಯೂ ಒಂಬತ್ತು ತಂತಿಗಳ ವಿಪಂಚಿಯೂ ಉಕ್ತವಾಗಿರುವುದು ದಿಟ. ಆದರೆ ಆ ಕಾಲದ ವೀಣೆಗಳು ಬಿಲ್ಲಿನಾಕಾರದವು, ತಂತಿಗೊಂದರಂತೆ ಸ್ವರವನ್ನು ನುಡಿಸುವಂಥವು ಎಂದು ಪ್ರಾಚೀನ ಶಿಲ್ಪಗಳ ಆಧಾರದಿಂದ ವಿದ್ವಾಂಸರು ನಿರ್ಣಯಿಸಿದ್ದಾರೆ. ಅವುಗಳಲ್ಲಿ ಜಾರಿಸುವ ಕೋಲಿಗೆ ಕೆಲಸವೇ ಇಲ್ಲ. ನಾಮಸಾಮ್ಯದಿಂದ ವಂಶಸಾಮ್ಯ ಸಿದ್ಧಿಸುವುದಾದರೆ ಊರಿನ ರಾಮಯ್ಯಂದಿರೆಲ್ಲರೂ ರಘುವಂಶದವರಾಗಬೇಕಾದೀತು.

ಹಾಗೆಂದು ಜಾರುವಾದನ ನಮ್ಮಲ್ಲಿ ಹೊಸದೆಂದೂ ತಿಳಿಯಬಾರದು. ದೇವಗಿರಿಯ ಯಾದವರಾಜನಾದ ಸಿಂಘಣನ ಆಶ್ರಯದಲ್ಲಿದ್ದ ಶಾರ್ಙ್ಗದೇವನು ಹದಿಮೂರನೆಯ ಶತಮಾನದಲ್ಲಿ ರಚಿಸಿದ ಸಂಗೀತರತ್ನಾಕರದಲ್ಲಿ ಏಕತಂತ್ರೀವೀಣೆಯನ್ನು ವಿವರಿಸುತ್ತ, ತಂತಿಯ ಮೇಲೆ ಸರಿಸುವ ಕಮ್ರಿಕೆಯೆಂಬ ಬಿದಿರಿನ ತುಂಡನ್ನೂ ಹೇಳಿದ್ದಾನೆ. ಪ್ರಮಾಣವೆಂದರೆ ಇಂಥದು. ಇದನ್ನು ಬಿಟ್ಟು ಹೆಸರಿನ ಬೆನ್ನು ಹತ್ತುವುದು ಕೈಯಲ್ಲಿರುವ ಹೊನ್ನನ್ನು ಬಿಸುಟು ಗಿಲೀಟಿಗೆ ಆಶೆಪಟ್ಟಂತೆ. ಆಧುನಿಕ ಕಾಲದಲ್ಲಿ ಗೋಟುವಾದ್ಯಕ್ಕೆ ಕಚೇರಿಯ ಪದವಿಯನ್ನು ತಂದುಕೊಟ್ಟವರು ತಿರುವಿಡೈಮರುದೂರಿನ ಸಖಾರಾಮರಾಯರು. ಅನಂತರ ಅದನ್ನು ಬೆಳಗಿದವರಲ್ಲಿ ತಿರುವಾಂಕೂರು, ಮೈಸೂರು ಆಸ್ಥಾನಗಳ ಮನ್ನಣೆ ಪಡೆದು 1959ರಲ್ಲಿ ಕಾಲವಾದ ನಾರಾಯಣ ಅಯ್ಯಂಗಾರ್ಯರು ಪ್ರಮುಖರು. ಚಿತ್ರವೀಣೆ ಎಂಬ ಹೆಸರು ಈಚೆಗೆ ಬಳಕೆಗೆ ಬಂದುದು ಅವರ ಮೊಮ್ಮಗನೂ 1967ರಲ್ಲಿ ಮೈಸೂರಿನಲ್ಲಿ ಹುಟ್ಟಿದವನೂ ಆದ ರವಿಕಿರಣನಿಂದ. ಹೆಸರನ್ನಿಡುವುದು ವಾದಕನ ಹಕ್ಕು. ಆ ಹೆಸರಿನಿಂದ ಸಖಾರಾಮರಾಯರ ಶ್ರಮವನ್ನು ಮರೆಯುವುದು ಮಾತ್ರ ನಮ್ಮ ತಪ್ಪಾಗುತ್ತದೆ. ಎರಡು ಸಾವಿರ ವರ್ಷಗಳ ಪರಂಪರೆಯೆಂದು ಘೋಷಿಸಿದ ಕ್ಷಣವೇ ನೂರು ವರ್ಷಗಳ ಈಚಿನ ಮನುಷ್ಯರು ಕಣ್ಮರೆಯಾಗುತ್ತಾರೆ.

ಎರಡನೆಯ ಪಕ್ಷ: ಹವಾಯಿಯವರು ಈ ವಿದ್ಯೆಯನ್ನು ನಮ್ಮಿಂದಲೇ ಕಲಿತರು ಎಂಬುದು. ಇದಕ್ಕೆ ಆಧಾರವಾಗಿ ಗೇಬ್ರಿಯಲ್ ಡೇವಿಯನ್ ಎಂಬ ಭಾರತಸಂಜಾತನಾದ ನಾವಿಕನೊಬ್ಬನು ಅಲ್ಲಿ ತಂತಿಗಳ ಮೇಲೆ ವಸ್ತುವನ್ನು ಜಾರಿಸಿ ನುಡಿಸುತ್ತಿದ್ದನೆಂಬ ಮಾತನ್ನು ಕೆಲವರು ಎತ್ತುತ್ತಾರೆ. ಈ ಮಾತನ್ನು ಒಪ್ಪಿದರೂ ಸಿದ್ಧಾಂತ ನಿಲ್ಲುವುದಿಲ್ಲ. ಭಾರತದಲ್ಲಿ ಹುಟ್ಟಿದವರೆಲ್ಲರೂ ಗೋಟುವಾದ್ಯವನ್ನು ಬಲ್ಲವರೆಂಬ ವ್ಯಾಪ್ತಿಯೇ ಇಲ್ಲದ ಮೇಲೆ ಅನುಮಾನ ಎಲ್ಲಿಂದ ಬಂದೀತು? ಇತ್ತ ಜೋಸೆಫ್ ಕೆಕೂಕುವಿನ ವಿಷಯ ಸ್ಪಷ್ಟವಾಗಿದೆ. ಆತನು 1874ರಲ್ಲಿ ಓಆಹು ದ್ವೀಪದ ಲಾಯಿಯೆ ಎಂಬಲ್ಲಿ ಹುಟ್ಟಿದನು. ಬಾಲ್ಯದಲ್ಲಿ ರೈಲುದಾರಿಯ ಬಳಿ ಸಿಕ್ಕಿದ ಕಬ್ಬಿಣದ ಬೋಲ್ಟು ಗಿಟಾರಿಗೆ ತಗುಲಿದಾಗ ಹೊರಟ ನಾದವೇ ಇದಕ್ಕೆಲ್ಲ ಮೂಲವೆಂದು ಪ್ರತೀತಿ. ಆಕಸ್ಮಿಕವಾದ ನಾದವನ್ನು ಯಾರಾದರೂ ಕೇಳಬಹುದು. ಅದನ್ನು ಒಂದು ಕ್ರಮವನ್ನಾಗಿ ಮಾಡಿ, ಅದಕ್ಕೆ ಒಪ್ಪುವ ಉಕ್ಕಿನ ತುಂಡನ್ನು ರೂಪಿಸಿ, ಇತರರಿಗೆ ಕಲಿಸಿದುದರಲ್ಲಿ ಕೆಕೂಕುವಿನ ಹಿರಿಮೆಯಿದೆ. ಆತನು 1904ರಲ್ಲಿ ಸ್ವದೇಶವನ್ನು ಬಿಟ್ಟು ಅಮೆರಿಕಾ, ಯೂರೋಪುಗಳಲ್ಲಿ ನುಡಿಸಿ 1932ರಲ್ಲಿ ತೀರಿಕೊಂಡನು. 1915ರ ಸಾನ್ ಫ್ರಾನ್ಸಿಸ್ಕೋ ಪ್ರದರ್ಶನದಿಂದ ಹವಾಯಿಯ ಸಂಗೀತ ಲೋಕಪ್ರಸಿದ್ಧವಾಯಿತು. 1932ರಲ್ಲಿ ಮಾರಾಟಕ್ಕೆ ಬಂದ ರಿಕನ್‌ಬ್ಯಾಕರ್ ವಿದ್ಯುತ್ ಗಿಟಾರು ಸಹ ತೊಡೆಯ ಮೇಲಿಟ್ಟು ನುಡಿಸುವ ಈ ಬಗೆಯದೇ ಆಗಿತ್ತು.

ಈ ವಾದ್ಯ ನಮ್ಮ ದೇಶಕ್ಕೆ ಬಂದುದು ಟಾವ್ ಮೋ ಮೊದಲಾದ ಹವಾಯಿಯ ಸಂಚಾರಿ ಕಲಾವಿದರ ಮೂಲಕ. ಕಲ್ಕತ್ತೆಯಲ್ಲಿ ಅದು ಬೇರೂರಿತು, ಚಲನಚಿತ್ರಗೀತೆಗಳಲ್ಲಿ ಮನೆಮಾತಾಯಿತು. ಬ್ರಿಜಭೂಷಣ ಕಾಬ್ರಾ ಅವರು ಅದರಲ್ಲಿ ಹಿಂದೂಸ್ಥಾನಿ ರಾಗಗಳನ್ನು ವಿಸ್ತರಿಸಿ ತೋರಿಸಿದರು. 1967ರಲ್ಲಿ ಶಿವಕುಮಾರ ಶರ್ಮಾ, ಹರಿಪ್ರಸಾದ ಚೌರಾಸಿಯಾ ಅವರೊಡನೆ ನುಡಿಸಿದ ‘ಕಾಲ್ ಆಫ್ ದಿ ವ್ಯಾಲಿ’ ಎಂಬ ಧ್ವನಿಮುದ್ರಿಕೆ ಈ ವಾದ್ಯಕ್ಕೆ ಹೊಸ ಶ್ರೋತೃವರ್ಗವನ್ನು ಗಳಿಸಿಕೊಟ್ಟಿತು. ಅದೇ ಗಿಟಾರನ್ನು ಮಾರ್ಪಡಿಸಿ ಮೋಹನವೀಣೆಯೆಂದು ಹೆಸರಿಟ್ಟ ವಿಶ್ವಮೋಹನ ಭಟ್ಟರು 1994ರಲ್ಲಿ ಗ್ರ್ಯಾಮಿ ಪ್ರಶಸ್ತಿಯನ್ನು ಪಡೆದರು. ಪರದೇಶದಿಂದ ಬಂದುದನ್ನು ನಮ್ಮ ಗಮಕಗಳಿಂದ ಸಂಸ್ಕರಿಸಿ ನಮ್ಮದಾಗಿಸಿಕೊಂಡ ಈ ಸಾಧನೆ ಸಾಲದೆಂದು, ಮೂಲವೂ ನಮ್ಮದೇ ಎಂದು ಹಟ ಹಿಡಿಯುವುದು ಏಕೆ? ಬಿದಿರಿನ ತುಂಡನ್ನು ಒಂದು ದೇಶದವರೂ ಉಕ್ಕಿನ ತುಂಡನ್ನು ಇನ್ನೊಂದು ದೇಶದವರೂ ತಾವು ತಾವೇ ಕಂಡುಕೊಂಡರೆನ್ನುವುದರಲ್ಲಿ ಯಾರಿಗೂ ಕುಂದಿಲ್ಲ.

ಇನ್ನು ನಿಜವಾಗಿ ನಷ್ಟವಾಗುತ್ತಿರುವುದು ಯಾವುದು? ನಮ್ಮ ನಾಡಿನಲ್ಲಿ ಕಲಾವಿದರನ್ನು ಕುರಿತು ಬರೆದವರು ಇಲ್ಲದಿಲ್ಲ. ಮೈಸೂರು ವಾಸುದೇವಾಚಾರ್ಯರ ‘ನಾ ಕಂಡ ಕಲಾವಿದರು’, ಡಿ. ವಿ. ಗುಂಡಪ್ಪನವರ ‘ಜ್ಞಾಪಕ ಚಿತ್ರಶಾಲೆ’ ಇವು ಇಲ್ಲದಿದ್ದರೆ ಎಷ್ಟೋ ಮಹನೀಯರು ನಮಗೆ ಬರಿಯ ಹೆಸರುಗಳಾಗಿ ಉಳಿಯುತ್ತಿದ್ದರು. ಆದರೆ ಕಲಾವಿದನ ಚರಿತ್ರೆ ವಾದ್ಯದ ಚರಿತ್ರೆಯ ಅರ್ಧ ಮಾತ್ರ. ಮರವನ್ನು ಆರಿಸಿ ಕೊರೆದು ನಾದವಿಳಿಸಿದ ಕೈಗಳದು ಉಳಿದರ್ಧ. ಅದನ್ನು ಹುಡುಕಲು ಹವಾಯಿಗೆ ಹೋಗಬೇಕಾಗಿಲ್ಲ. ನಮ್ಮ ದೊಡ್ಡಬಳ್ಳಾಪುರ ತಾಲ್ಲೂಕಿನ ಸಿಂಪಾಡಿಪುರಕ್ಕೆ ಹೋದರೆ ಸಾಕು. ಹಲಸಿನ ಮರದಲ್ಲಿ ವೀಣೆ ಮಾಡುವುದಕ್ಕೆ ಹೆಸರಾದ ಊರು ಅದು. ಅಲ್ಲಿಯ ಹಿರಿಯ ಕುಶಲಿ ಪೆನ್ನ ಓಬಳಯ್ಯನವರಿಗೆ ಕರ್ನಾಟಕ ರಾಜ್ಯೋತ್ಸವ ಪ್ರಶಸ್ತಿ ದೊರೆತದ್ದು ನಮ್ಮ ಜಿಲ್ಲೆಗೇ ಸಂದ ಗೌರವ.

ಆದರೆ ಸನ್ಮಾನ ಬೇರೆ, ಸಂರಕ್ಷಣೆ ಬೇರೆ. ಶಾಲು ಹೊದಿಸಿದ ಮಾತ್ರಕ್ಕೆ ವಿದ್ಯೆ ಗ್ರಂಥಸ್ಥವಾಗುವುದಿಲ್ಲ. ಎಷ್ಟು ವಯಸ್ಸಿನ ಹಲಸು ನಾದಕ್ಕೆ ಒದಗುವುದು, ಕಡಿದ ಮರವನ್ನು ಎಷ್ಟು ಕಾಲ ಆರಿಸಬೇಕು, ಕೊಡದ ಗೋಡೆಯನ್ನು ಎಲ್ಲಿ ತೆಳುವಾಗಿಸಬೇಕು, ಮೇಣಕ್ಕೆ ಏನನ್ನು ಎಷ್ಟು ಬೆರೆಸಬೇಕು ಎಂಬುವು ಕೈಯಿಂದ ಕೈಗೆ ದಾಟುವ ವಿದ್ಯೆಗಳು. ದೊಡ್ಡಬಳ್ಳಾಪುರದ ಸುತ್ತ ಕಾರ್ಖಾನೆಗಳು ತಿಂಗಳ ಸಂಬಳ ಕೊಡುತ್ತಿರುವಾಗ ಎಳೆಯರು ಉಳಿಯನ್ನು ಹಿಡಿಯಲಿಲ್ಲವೆಂದು ದೂರುವುದು ನ್ಯಾಯವಲ್ಲ. ಅವರು ಹಿಡಿಯದಿದ್ದರೂ ಹಿರಿಯರ ಅರಿವು ಅವರೊಡನೆಯೇ ಮಣ್ಣಾಗದಂತೆ ನೋಡಿಕೊಳ್ಳುವುದು ಓದು ಬರೆಹ ಬಲ್ಲ ನಮ್ಮ ಪಾಲಿನ ಕೆಲಸ.

ಆದುದರಿಂದ ವಾಚಕ ಮಹಾಶಯರಲ್ಲಿ ಒಂದು ಬಿನ್ನಹ. ಮನೆಯಲ್ಲಿ ಹಳೆಯ ವೀಣೆಯೋ ಗಿಟಾರೋ ಇದ್ದರೆ ಅದನ್ನು ಮಾಡಿದವರು ಯಾರು, ಕೊಂಡ ವರ್ಷ ಯಾವುದು, ನುಡಿಸಿದವರು ಯಾರು ಎಂಬುದನ್ನು ಹಿರಿಯರು ಇರುವಾಗಲೇ ಕೇಳಿ ಬರೆದಿಡಿರಿ. ಅಟ್ಟದ ಮೇಲಿನ ಗ್ರಾಮಫೋನ್ ತಟ್ಟೆಗಳನ್ನು ಗುಜರಿಗೆ ಹಾಕುವ ಮೊದಲು ಅವುಗಳ ಮೇಲಿನ ಹೆಸರುಗಳನ್ನಾದರೂ ನಕಲು ಮಾಡಿಕೊಳ್ಳಿರಿ. ಸಂಘದವರು ಸಿಂಪಾಡಿಪುರದ ಮನೆಗಳಿಗೆ ಹೋಗಿ ಹಾರದ ಬದಲು ಅಳತೆಯ ದಾರವನ್ನೂ ಬರೆಯುವ ಪುಸ್ತಕವನ್ನೂ ಒಯ್ಯಲಿ. ಬೋಲ್ಟಿನ ಕಥೆ ಬಾಯಿಂದ ಬಾಯಿಗೆ ತಾನೇ ನಡೆದುಬಂದಿತು. ಮೇಣದ ಪಾಕ ಹಾಗೆ ನಡೆದುಬರಲಾರದು. ಇತ್ಯಲಂ.