ಒಂದು ಗೇಣಿನ ಗದಗ ಜಂಕ್ಷನ್

ಮಾತು ಕೊಟ್ಟಂತೆ ಈ ವಾರ ಮಾದರಿ ರೈಲಿನ ವೈರಿಂಗ್ ಬಗ್ಗೆ ಬರೆಯಬೇಕಿತ್ತು. ಅದು ಕಾಯಲಿ, ಜಾಗದ ಪ್ರಶ್ನೆ ಮೊದಲು ಮುಗಿಯಬೇಕು.

ದುಂಡನೆ ಹಳಿ ಹಾಕಿ ಗಾಡಿ ಸುತ್ತಿಸುವವರ ಜೊತೆ ನನ್ನ ಜಗಳ ಹಳೆಯದು. ಹತ್ತು ಸುತ್ತಿನ ಮೇಲೆ ಅಲ್ಲಿ ನೋಡಲು ಏನು ಉಳಿದಿರುತ್ತದೆ? ಎಚ್‌ಓ ಎಂಬ ಮಾದರಿ ಗಾತ್ರದ ಆ ಸುತ್ತಿಗೆ ಮೂರಡಿಗೂ ಹೆಚ್ಚು ಅಗಲದ ಜಾಗ ಬೇರೆ ಬೇಕು. ಮಗ್ಗ ಕೂತ ಬೆಟಗೇರಿಯ ಮನೆಯಲ್ಲಿ ಅದೆಲ್ಲಿಂದ ಬರಬೇಕು?

ಇಂಗ್ಲೆಂಡಿನ ಅಲನ್ ರೈಟ್ ರೂಪಿಸಿದ ಇಂಗಲ್‌ನುಕ್ ಸೈಡಿಂಗ್ಸ್ ಎಂಬ ಶಂಟಿಂಗ್ ಆಟಕ್ಕೆ ನಾಲ್ಕಡಿ ಉದ್ದ, ಒಂದು ಗೇಣು ಅಗಲದ ಹಲಗೆ ಸಾಕು. ಹಳಿ ಕವಲೊಡೆಯುವ ಪಾಯಿಂಟ್ ಎರಡೇ. ಒಂದು ಹಳಿಯಲ್ಲಿ ಐದು ಡಬ್ಬಿ, ಉಳಿದೆರಡರಲ್ಲಿ ಮೂರು ಮೂರು, ಶಂಟಿಂಗ್ ತುದಿಯಲ್ಲಿ ಎಂಜಿನ್ ಜೊತೆ ಮೂರು ಹಿಡಿಯಬೇಕು. ಆಟಕ್ಕೆ ಬೇಕಾದದ್ದು ಎಂಟೇ ಡಬ್ಬಿ; ಅವುಗಳ ಹೆಸರಲ್ಲಿ ಎಂಟು ಚೀಟಿ ಬರೆದು ಐದನ್ನು ಎತ್ತಿ; ಎತ್ತಿದ ಕ್ರಮದಲ್ಲೇ ಗಾಡಿ ಕಟ್ಟಿ. ಹೀಗೆ 6,720 ಬಗೆಯ ಗಾಡಿ ಕಟ್ಟಬಹುದು. ಎಂಜಿನ್‌ಗೆ ದುಡ್ಡಿಲ್ಲವೆಂದರೆ ಬೆರಳಿನಿಂದಲೇ ತಳ್ಳಿ, ಆಟಕ್ಕೇನೂ ಕುಂದಿಲ್ಲ.

ನನ್ನ ಕಣ್ಣಿಗೆ ಅದು ಮೀಟರ್ ಗೇಜ್ ಕಾಲದ ಗದಗ ಯಾರ್ಡ್. ಹೊಟಗಿ–ಗದಗ ಮಾರ್ಗ ತೆರೆದದ್ದು 1884ರಲ್ಲಿ. ಹತ್ತಿ ಪೇಟೆಯ ಊರಿಗೆ ಗೂಡ್ಸ್ ಗಾಡಿಯೇ ಜೀವವಾಗಿತ್ತು. ಎನ್ ಎಂಬ ಮಾದರಿ ಗಾತ್ರದ ಹಳಿಯ ಅಗಲ 9 ಮಿ.ಮೀ., ಮೀಟರ್ ಗೇಜ್ 1000 ಮಿ.ಮೀ.: ಲೆಕ್ಕ 1:111ಕ್ಕೆ ಬರುತ್ತದೆ. ಪೆಟ್ಟಿಗೆಯಲ್ಲಿ ಬರುವ 1:160ರ ವಿದೇಶಿ ಡಬ್ಬಿ ಇಲ್ಲಿ ಒಗ್ಗುವುದಿಲ್ಲ. ಗಾಲಿ ಮಾತ್ರ ಕೊಂಡು ಉಳಿದದ್ದನ್ನು ರಟ್ಟಿನಲ್ಲಿ ಮಾಡಿ. ಮುದ್ರಣ ಕಾಶಿ ಎನಿಸಿಕೊಂಡ ಊರಲ್ಲಿ ರಟ್ಟಿಗೆ ಬರವೇ? ಪ್ರೆಸ್‌ನಲ್ಲಿ ಮದುವೆ ಕಾರ್ಡು ಕತ್ತರಿಸಿ ಉಳಿದ ತುಂಡುಗಳಲ್ಲಿ ಒಂದು ಗೋದಾಮೇ ಎದ್ದೀತು.

ನೆಲಕ್ಕೆ ನಿಜವಾದ ಎರಿ ಮಣ್ಣನ್ನೇ ಬಟ್ಟೆಯಲ್ಲಿ ಸೋಸಿ ಹಾಕಿ. ಎರಿಯಾಗಲಿ ಮಸಾರಿಯಾಗಲಿ, ಮೊದಲು ಅಯಸ್ಕಾಂತ ಆಡಿಸಿ, ಕಬ್ಬಿಣದ ಕಣ ಮೋಟರಿಗೆ ಸೇರಬಾರದು. ಹಳಿಯ ಕಲ್ಲುಪುಡಿಗೆ ಸಮಪಾಲು ನೀರು ಬೆರೆಸಿದ ಫೆವಿಕಾಲ್ ಬಿಡಿ, ಅದರಲ್ಲೊಂದು ಹನಿ ಪಾತ್ರೆ ತೊಳೆಯುವ ಸೋಪು ಇರಲಿ. ಸೋಪಿಲ್ಲದ ಅಂಟು ಮೇಲೆಯೇ ಗುಂಡಾಗಿ ನಿಲ್ಲುತ್ತದೆ, ಒಳಗೆ ಇಳಿಯುವುದಿಲ್ಲ.

ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯವರಿಗೆ ಇನ್ನೂ ದೊಡ್ಡ ಕೆಲಸವಿದೆ. ಅವರ ಊರಿಗೆ ಹಳಿಯೇ ಬಂದಿಲ್ಲ; ಗದಗ–ಯಲವಿಗಿ ಮಾರ್ಗದ ಬೇಡಿಕೆ ಎಷ್ಟು ಹಳೆಯದೆಂದು ಲಕ್ಷ್ಮೇಶ್ವರ, ಶಿರಹಟ್ಟಿಯಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಅವರು ಹಳೆಯ ಫೋಟೊ ನೋಡಿ ನಕಲು ಮಾಡುವಂತಿಲ್ಲ. ಶಿರಹಟ್ಟಿಯ ಪ್ಲಾಟ್‌ಫಾರ್ಮ್ ಊರಿನ ಯಾವ ಮಗ್ಗುಲಿಗೆ? ಲಕ್ಷ್ಮೇಶ್ವರದ ಗೂಡ್ಸ್ ಶೆಡ್ಡಿಗೆ ಮೆಣಸಿನಕಾಯಿ ಗಾಡಿಗಳು ಯಾವ ದಾರಿಯಿಂದ ಬರಬೇಕು? ಅಳತೆ ಪಟ್ಟಿ ಹಿಡಿದು ಹೊರಟು ಇದನ್ನೆಲ್ಲ ಅವರೇ ತೀರ್ಮಾನಿಸಬೇಕು. ಅಂಥ ನಕ್ಷೆ ಯಾರಾದರೂ ಕಳಿಸಿದರೆ ವೈರಿಂಗನ್ನು ಇನ್ನೊಂದು ವಾರ ಮುಂದೂಡಲು ನಾನು ಸಿದ್ಧ.