ಆಹಾರ ಮತ್ತು ಅನುಕಂಪ: ಒಂದು ಗ್ರಂಥವಿಮರ್ಶೆ

ಮಾಂಸವನ್ನು ತ್ಯಜಿಸಿದ ಮನೆತನದಲ್ಲಿ ಜನಿಸಿದವರಿಗೆ ಸಸ್ಯಾಹಾರವು ಆಚಾರವಾಗಿ ಲಭಿಸುತ್ತದೆ. ವಿಚಾರವಾಗಿ ಲಭಿಸುವುದು ವಿರಳ. ಆದುದರಿಂದ, ಆಸ್ಟ್ರೇಲಿಯದ ತತ್ತ್ವಜ್ಞ ಪೀಟರ್ ಸಿಂಗರ್ ಅವರು 1975ರಲ್ಲಿ ಪ್ರಕಟಿಸಿದ, 2023ರಲ್ಲಿ ಪರಿಷ್ಕೃತವಾಗಿ ಮತ್ತೆ ಹೊರಬಂದ ‘ಅನಿಮಲ್ ಲಿಬರೇಷನ್’ ಗ್ರಂಥವನ್ನು ಸದ್ಭಕ್ತರಾದ ಓದುಗರು ಅವಶ್ಯ ಪರಿಶೀಲಿಸಬೇಕು.

ಗ್ರಂಥಕರ್ತರು ಯಾವ ಶಾಸ್ತ್ರವಾಕ್ಯವನ್ನೂ ಆಶ್ರಯಿಸುವುದಿಲ್ಲ. ಪ್ರಾಣಿಯ ವಿಷಯದಲ್ಲಿ ಗಣಿಸಬೇಕಾದುದು ಅದರ ಬುದ್ಧಿಯನ್ನಲ್ಲ, ವೇದನೆಯನ್ನು ಎಂಬ ಆಂಗ್ಲ ಚಿಂತಕ ಬೆಂಥಮನ ವಿಚಾರವೇ ಅವರಿಗೆ ಆಧಾರ. ನೋವು ಸಮಾನವಾದಲ್ಲಿ, ಅದು ಯಾರ ಮೈಯಲ್ಲಿದೆ ಎಂಬುದರಿಂದ ಅದರ ತೂಕ ಕಡಿಮೆಯಾಗದು. ರೆಕ್ಕೆ ಬಿಚ್ಚಲೂ ಎಡೆಯಿಲ್ಲದ ತಂತಿಗೂಡಿನ ಕೋಳಿಗಳು, ಹೊರಳಲಾಗದಂತೆ ಬಂಧಿಸಿದ ಎಳಗರುಗಳು ಇವುಗಳ ವರ್ಣನೆಯನ್ನು ಓದಿದವರ ಮನಸ್ಸು ಕಲಕದೆ ಇರದು.

‘ಸಸ್ಯಕ್ಕೂ ಜೀವವಿಲ್ಲವೇ?’ ಎಂದು ಕೇಳಿ ವಾದವನ್ನು ಗೆದ್ದೆವೆಂದು ಭಾವಿಸುವವರುಂಟು. ಇದಕ್ಕೆ ಗ್ರಂಥದಲ್ಲಿ ಸಮರ್ಪಕವಾದ ಉತ್ತರವಿದೆ. ಸಸ್ಯಗಳಿಗೆ ನರಮಂಡಲವಿಲ್ಲ. ಅವುಗಳಿಗೂ ನೋವುಂಟೆಂದು ಒಪ್ಪಿದರೂ, ಧಾನ್ಯ ತಿನ್ನಿಸಿ ಬೆಳೆಸಿದ ಪಶುವಿನ ಮಾಂಸಕ್ಕಾಗಿ ನಾಶವಾಗುವ ಸಸ್ಯಗಳೇ ಅಧಿಕ. ಮೊದಲ ಆವೃತ್ತಿಯಲ್ಲಿ ಸಿಂಪಿಯನ್ನು ವೇದನೆಯಿಲ್ಲದ ಜೀವಿಗಳ ಸಾಲಿಗೆ ಸೇರಿಸಿದ್ದ ಲೇಖಕರು, 1990ರ ಆವೃತ್ತಿಯಲ್ಲಿ ಸಂಶಯವಿರುವಲ್ಲಿ ಅದನ್ನೂ ಬಿಡುವುದು ಲೇಸೆಂದರು. ಈ ಪ್ರಾಮಾಣಿಕತೆ ಶ್ಲಾಘನೀಯ.

ಕೊರತೆಯೂ ಇದೆ. ಎಲ್ಲವನ್ನೂ ಸುಖದುಃಖಗಳ ಲೆಕ್ಕದಲ್ಲಿ ಅಳೆಯುವವರಿಗೆ, ನೋವಿಲ್ಲದೆ ಕೊಂದರೆ ತಪ್ಪೇನು ಎಂಬ ಪ್ರಶ್ನೆ ತೊಡಕಾಗುತ್ತದೆ. ತನ್ನ ಅರಿವಿಲ್ಲದ ಪ್ರಾಣಿಯ ಸ್ಥಾನವನ್ನು ಅಷ್ಟೇ ಸುಖಿಯಾದ ಮತ್ತೊಂದು ತುಂಬಬಲ್ಲದೆಂಬ ವಾದಕ್ಕೆ ಇದೇ ಲೇಖಕರು 1979ರ ತಮ್ಮ ‘ಪ್ರಾಕ್ಟಿಕಲ್ ಎಥಿಕ್ಸ್’ ಗ್ರಂಥದಲ್ಲಿ ಎಡೆಗೊಟ್ಟಿದ್ದಾರೆ. ಜೀವವೆಂಬುದು ಸುಖವನ್ನು ತುಂಬಿಡುವ ಪಾತ್ರೆಯಲ್ಲ. ಒಡೆದರೆ ಇನ್ನೊಂದನ್ನು ತಂದಿಡಲಾಗದು. ದಯೆಗೆ ಈ ಲೆಕ್ಕಾಚಾರ ಸಾಲದು.

ಆದರೆ ಗ್ರಂಥದ ಕೊರತೆಯನ್ನು ತೋರಿಸಿ ನಾವು ಪಾರಾಗುವಂತಿಲ್ಲ. ಹಾಲು ತುಪ್ಪಗಳಿಲ್ಲದ ಪ್ರಸಾದವನ್ನು ನಾವು ಕಲ್ಪಿಸಲಾರೆವು. ಕರು ಹಾಕದೆ ಹಸು ಹಾಲು ಕೊಡದು. ಟ್ರ್ಯಾಕ್ಟರು ಬಂದ ಮೇಲೆ ನೇಗಿಲಿಗೆ ಬೇಡವಾದ ಹೋರಿಗರು, ಹಾಲು ಬತ್ತಿದ ಮುದಿ ಹಸು ಎಲ್ಲಿಗೆ ಹೋಗುತ್ತವೆಂದು ನಾವು ವಿಚಾರಿಸಿದ್ದೇವೆಯೇ? ವಿಚಾರಿಸದೆ, ಮಾಂಸ ತಿನ್ನುವ ನೆರೆಯವರನ್ನು ಕೀಳಾಗಿ ಕಂಡರೆ, ನಮ್ಮ ಸಸ್ಯಾಹಾರವು ದಯೆಯಾಗದೆ ಕೇವಲ ಮಡಿಯಾಗುತ್ತದೆ. ಕೊಟ್ಟಿಗೆಯುಳ್ಳ ಭಕ್ತರು ಹಾಲು ಬತ್ತಿದ ಹಸುವನ್ನು ಕಡೆಯವರೆಗೆ ಸಾಕಲಿ. ಕೊಂಡು ಕುಡಿಯುವವರು ಅದರ ಭಾರದಲ್ಲಿ ಪಾಲುಗೊಳ್ಳಲಿ. ಆಗ ಮಾತ್ರ ಈ ಗ್ರಂಥಕ್ಕೆ ನಾವು ಉತ್ತರ ಕೊಟ್ಟಂತಾಗುವುದು.