‘ಅಸಂಪೀಡ್ಯ’ ದ್ರವವೂ ಬಿಸಿಲಲ್ಲಿ ನಿಂತ ವಿಮಾನವೂ

ಪಾಸ್ಕಲ್‌ನ ನಿಯಮವನ್ನು ಬೋಧಿಸುವಾಗ ನಾವು ಅಧ್ಯಾಪಕರು ತಪ್ಪದೆ ಹೇಳುವ ಮಾತೊಂದಿದೆ: ದ್ರವಗಳು ಅಸಂಪೀಡ್ಯ, ಅವನ್ನು ಒತ್ತಿ ಕುಗ್ಗಿಸಲಾಗದು. ಹೈಡ್ರಾಲಿಕ್ ಬ್ರೇಕನ್ನು ವಿವರಿಸುವಷ್ಟಕ್ಕೆ ಇದು ಸಾಕು. ಅಲ್ಲಿಗೇ ನಿಲ್ಲುವುದು ನನ್ನ ಆಕ್ಷೇಪ. ಪ್ರಥಮ ಪಿಯುಸಿಯಲ್ಲಿ ಸ್ಥಿತಿಸ್ಥಾಪಕತ್ವ ಒಂದು ಅಧ್ಯಾಯ, ದ್ರವಗಳು ಇನ್ನೊಂದು, ಉಷ್ಣ ವ್ಯಾಕೋಚನ ಮತ್ತೊಂದು. ಎರಡೂ ತುದಿ ಬಿಗಿದ ರೈಲುಹಳಿ ಬಿಸಿಯಾದರೆ ಏನಾಗುವುದೆಂದು ಲೆಕ್ಕ ಮಾಡಿಸುತ್ತೇವೆ. ಎರಡೂ ತುದಿ ಮುಚ್ಚಿದ ಕೊಳವೆಯೊಳಗಿನ ಎಣ್ಣೆಯ ಬಗ್ಗೆ ಕೇಳುವುದೇ ಇಲ್ಲ.

ಒಂದು ಸಣ್ಣ ವಿಮಾನವನ್ನು ತೆಗೆದುಕೊಳ್ಳಿ. ಬೆಳಗಿನ ತಂಪಿನಲ್ಲಿ ಪೈಲಟ್ ಪಾರ್ಕಿಂಗ್ ಬ್ರೇಕ್ ಹಾಕಿ ಇಳಿದು ಹೋಗುತ್ತಾನೆ. ಹಲವು ಮಾದರಿಗಳಲ್ಲಿ ಹೀಗೆಂದರೆ, ಒತ್ತಡದಲ್ಲಿರುವ ಎಣ್ಣೆಯನ್ನು ಒಂದು ಕವಾಟ ಚಕ್ರದ ಕಡೆಯ ಕೊಳವೆಯಲ್ಲಿ ಬಂಧಿಸಿಡುತ್ತದೆ. ಇಂಥ ಖನಿಜ ಎಣ್ಣೆಯ ಗಾತ್ರ ವ್ಯಾಕೋಚನ ಗುಣಾಂಕ ಡಿಗ್ರಿ ಸೆಲ್ಸಿಯಸ್‌ಗೆ ಸುಮಾರು 8 × 10⁻⁴. ಗಾತ್ರ ಸ್ಥಿತಿಸ್ಥಾಪಕತ್ವ ಗುಣಾಂಕ ಸುಮಾರು 1.4 × 10⁹ ಪಾಸ್ಕಲ್. ಕೊಳವೆ ಸ್ವಲ್ಪವೂ ಹಿಗ್ಗದೆಂದು ಭಾವಿಸಿ ಇವೆರಡನ್ನೂ ಗುಣಿಸಿ. ಪ್ರತಿ ಡಿಗ್ರಿಗೂ ಒತ್ತಡ 11 ಲಕ್ಷ ಪಾಸ್ಕಲ್, ಅಂದರೆ ಸುಮಾರು 11 ವಾಯುಮಂಡಲದಷ್ಟು ಏರುತ್ತದೆ. ಮಧ್ಯಾಹ್ನದೊಳಗೆ ಎಣ್ಣೆ 20 ಡಿಗ್ರಿ ಬಿಸಿಯಾದರೆ 220 ವಾಯುಮಂಡಲ! ಅನೇಕ ದೊಡ್ಡ ಜೆಟ್ ವಿಮಾನಗಳ ಹೈಡ್ರಾಲಿಕ್ ಪಂಪುಗಳು ಕೊಡುವ ಒತ್ತಡವೂ ಹೆಚ್ಚುಕಡಿಮೆ ಇಷ್ಟೇ. ನಾವು ಗುಣವೆಂದು ಹೊಗಳಿದ ‘ಅಸಂಪೀಡ್ಯತೆ’ಯೇ ಇಲ್ಲಿ ತೊಂದರೆಯ ಮೂಲ. ವಾಸ್ತವದಲ್ಲಿ ಲೋಹದ ಕೊಳವೆ ತುಸು ಹಿಗ್ಗುತ್ತದೆ, ರಬ್ಬರ್ ಕೊಳವೆ ಉಬ್ಬುತ್ತದೆ, ಎಲ್ಲೋ ಗಾಳಿಗುಳ್ಳೆ ಇರುತ್ತದೆ. ಆದ್ದರಿಂದ ಏರಿಕೆ ಇದಕ್ಕಿಂತ ಬಹಳ ಕಡಿಮೆ. ಸೀಲು ಸೋರಲು ಅದೂ ಸಾಕಾದೀತು.

ಪರಿಹಾರವೆಂದು ಪುಸ್ತಕಗಳು ಹೆಸರಿಸುವುದು ಥರ್ಮಲ್ ರಿಲೀಫ್ ಕವಾಟವನ್ನು. ಚಕ್ರಗಳನ್ನು ಹೈಡ್ರಾಲಿಕ್‌ನಿಂದ ಮಡಚುವ ಸಣ್ಣ ವಿಮಾನಗಳಲ್ಲಿ ಇದು ಉಂಟು. ಸ್ಪ್ರಿಂಗ್ ಒತ್ತಿ ಹಿಡಿದ ಈ ಕವಾಟ ನಿಗದಿತ ಒತ್ತಡ ಮೀರಿದಾಗ ತೆರೆದು ಎಣ್ಣೆಯನ್ನು ತೊಟ್ಟಿಗೆ ಮರಳಿಸುತ್ತದೆ. 100 ಮಿಲಿಲೀಟರ್ ಎಣ್ಣೆ 20 ಡಿಗ್ರಿ ಬಿಸಿಯಾದರೆ ಹಿಗ್ಗುವುದು 1.6 ಮಿಲಿಲೀಟರ್ ಮಾತ್ರ. ಹೊರಬೀಳಬೇಕಾದ್ದು ಅದಕ್ಕಿಂತಲೂ ಕಡಿಮೆ.

ಆದರೆ ಈ ವಿವರಣೆಯೂ ಅರ್ಧವೇ. ಬ್ರೇಕಿನ ಕೊಳವೆಗೂ ಇಂಥದೇ ಕವಾಟ ಇಟ್ಟೆವೆನ್ನಿ. ಮಧ್ಯಾಹ್ನ ಕೆಲವು ಹನಿ ಹೊರಹೋದುವು. ರಾತ್ರಿ ಎಣ್ಣೆ ತಣಿದು ಬೆಳಗಿನ ಉಷ್ಣತೆಗೆ ಬಂದಾಗ ಆ ಹನಿಗಳಷ್ಟು ಕೊರತೆ. ಒತ್ತಡ ಮೊದಲಿಗಿಂತಲೂ ಕೆಳಗೆ. ಗಾಳಿ ಬೀಸಿದರೆ ವಿಮಾನ ಉರುಳಬಹುದು. ಕವಾಟವಿಲ್ಲದಿದ್ದರೂ ಬೆಚ್ಚಗಿದ್ದಾಗ ಹಾಕಿದ ಬ್ರೇಕು ಚಳಿಗೆ ಸಡಿಲವಾಗುತ್ತದೆ. ಬೀಚ್‌ಕ್ರಾಫ್ಟ್ ವಿಮಾನಗಳ ಪೈಲಟ್ ಕೈಪಿಡಿ ಇದನ್ನು ನೇರವಾಗಿ ಹೇಳುತ್ತದೆ: ವಿಮಾನವನ್ನು ಬಿಟ್ಟುಹೋಗುವಾಗ ಪಾರ್ಕಿಂಗ್ ಬ್ರೇಕ್ ಬೇಡ, ಚಕ್ರಗಳಿಗೆ ಅಡ್ಡದಿಮ್ಮಿ ಇಡಿ, ಉಷ್ಣತೆ ಬದಲಾದರೆ ಬ್ರೇಕು ಬಿಟ್ಟುಕೊಳ್ಳಲೂಬಹುದು, ಅತಿಯಾಗಿ ಬಿಗಿಯಲೂಬಹುದು. ಭೌತಶಾಸ್ತ್ರದ ಪುಸ್ತಕದಲ್ಲಿ ಇರಬೇಕಿದ್ದ ಮಾತು!

ಈ ವರ್ಷ ರೈಲುಹಳಿಯ ಲೆಕ್ಕದ ಜೊತೆಗೆ ಕೊಳವೆಯ ಲೆಕ್ಕವನ್ನೂ ಕೊಟ್ಟು ನೋಡಿ. ಉತ್ತರ ಬಂದ ಮೇಲೆ, ರಾತ್ರಿ ಏನಾಯಿತೆಂದು ಕೇಳಿ.